ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಪ್ರಶ್ನೆಗೆ ಸಂಶೋಧನೆಯಲ್ಲಿ ಉತ್ತರ ಹುಡುಕುವ ಬಗೆ

ರೋಗಿಯ ಕೈಯ ರಕ್ತನಾಳಕ್ಕೆ ಹಾಕಿದ ಕ್ಯಾನುಲಾವನ್ನು, ಅಂದರೆ ಔಷಧ ಮತ್ತು ದ್ರವ ಹರಿಸುವ ತೆಳು ಕೊಳವೆಯನ್ನು, ಮೂರು ಅಥವಾ ನಾಲ್ಕು ದಿನಕ್ಕೊಮ್ಮೆ ತೆಗೆದು, ಬೇರೆ ಜಾಗದಲ್ಲಿ ಹೊಸದನ್ನು ಹಾಕಬೇಕೆಂಬ ನಿಯಮ ಬಹುಕಾಲದಿಂದ ಅನೇಕ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಕ್ಯಾನುಲಾ ಚೆನ್ನಾಗಿ ಕೆಲಸ ಮಾಡುತ್ತಿದೆ, ಕೈ ಕೆಂಪಾಗಿಲ್ಲ, ನೋವೂ ಇಲ್ಲ; ಹೀಗಿರುವಾಗ ಗಡುವು ಮುಗಿಯಿತು ಎಂಬ ಒಂದೇ ಕಾರಣಕ್ಕೆ ಮತ್ತೊಮ್ಮೆ ಸೂಜಿ ಚುಚ್ಚಬೇಕೇ ಎಂದು ರೋಗಿ ಕೇಳಿದರೆ, ನಿಯಮ ಹಾಗಿದೆ ಎನ್ನುವುದು ಸರಿಯಾದ ಉತ್ತರವಾಗುವುದಿಲ್ಲ. ಆ ನಿಯಮದ ಹಿಂದೆ ಯಾವ ಪುರಾವೆ ಇದೆ, ಅದು ಎಷ್ಟು ಗಟ್ಟಿಯಾಗಿದೆ, ನಮ್ಮ ರೋಗಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ತಿಳಿದು ಹೇಳುವುದು ಆರೈಕೆ ಮಾಡುವವರ ಹೊಣೆ.

ಇಂತಹ ಪ್ರಶ್ನೆಯೊಂದನ್ನು ಸಂಶೋಧನೆಯ ನೆರವಿನಿಂದ ಬಿಡಿಸುವ ಕ್ರಮವನ್ನು ಈ ಲೇಖನ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತದೆ. ಶುಶ್ರೂಷಕರು, ಕಿರಿಯ ವೈದ್ಯರು, ಫಿಸಿಯೋಥೆರಪಿಸ್ಟರು ಮತ್ತು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕ್ಯಾನುಲಾದ ಪ್ರಶ್ನೆಯನ್ನೇ ಉದಾಹರಣೆಯಾಗಿ ಕೊನೆಯವರೆಗೂ ಇಟ್ಟುಕೊಳ್ಳಲು ಕಾರಣವಿದೆ: ಅದನ್ನು ಸಂಶೋಧನೆಯಾಗಿ ಬೆಳೆಸಿದವರಲ್ಲಿ ಶುಶ್ರೂಷಕರೇ ಮುಂಚೂಣಿಯಲ್ಲಿದ್ದರು, ಮತ್ತು ಅದರ ಉತ್ತರ ಮೊದಲ ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಬಿಗಿಯಾಗಿ ಕಟ್ಟುವುದು

"ಕ್ಯಾನುಲಾ ಎಷ್ಟು ದಿನ ಇರಬಹುದು?" ಎಂಬ ಪ್ರಶ್ನೆಯನ್ನು ಹಾಗೆಯೇ ಹಿಡಿದು ಹುಡುಕಲು ಹೊರಟರೆ ಸಾವಿರಾರು ಲೇಖನಗಳು ಸಿಗುತ್ತವೆ, ಉತ್ತರ ಮಾತ್ರ ಸಿಗುವುದಿಲ್ಲ. ಪ್ರಶ್ನೆಯನ್ನು ನಾಲ್ಕು ಭಾಗಗಳಾಗಿ ಒಡೆದುಕೊಳ್ಳುವ ಪದ್ಧತಿಗೆ ಪೈಕೋ ಎಂದು ಹೆಸರು. ರೋಗಿಗಳು ಯಾರು, ನಾವು ಪರಿಶೀಲಿಸುತ್ತಿರುವ ಕ್ರಮ ಯಾವುದು, ಅದನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ, ಯಾವ ಪರಿಣಾಮವನ್ನು ನೋಡುತ್ತೇವೆ ಎಂಬುವು ಆ ನಾಲ್ಕು ಭಾಗಗಳು. ನಮ್ಮ ಉದಾಹರಣೆಯನ್ನು ಹೀಗೆ ಬರೆದುಕೊಳ್ಳಬಹುದು: ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವ ವಯಸ್ಕರಲ್ಲಿ, ತೊಂದರೆಯ ಲಕ್ಷಣ ಕಂಡಾಗ ಮಾತ್ರ ಕ್ಯಾನುಲಾ ಬದಲಿಸುವುದನ್ನು ನಿಗದಿತ ದಿನಕ್ಕೆ ತಪ್ಪದೆ ಬದಲಿಸುವುದರೊಂದಿಗೆ ಹೋಲಿಸಿದರೆ, ರಕ್ತನಾಳದ ಉರಿಯೂತ ಮತ್ತು ರಕ್ತದ ಸೋಂಕಿನ ಪ್ರಮಾಣ ಹೆಚ್ಚುತ್ತದೆಯೇ?

ಪ್ರಶ್ನೆಯ ಜಾತಿಯನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು. ಚಿಕಿತ್ಸೆಯ ಪ್ರಶ್ನೆ, ರೋಗನಿರ್ಣಯದ ಪ್ರಶ್ನೆ, ರೋಗ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬ ಪ್ರಶ್ನೆ, ರೋಗಿಯ ಅನುಭವದ ಪ್ರಶ್ನೆ ಇವುಗಳಲ್ಲಿ ಪ್ರತಿಯೊಂದಕ್ಕೂ ಹೊಂದುವ ಅಧ್ಯಯನ ಬೇರೆ. ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವ ರೋಗಿಗೆ ಅದು ಹೇಗನಿಸುತ್ತದೆ ಎಂದು ತಿಳಿಯಬೇಕಾದರೆ ಅಂಕಿ ಅಂಶಗಳಿಗಿಂತ ಸಂದರ್ಶನಗಳು ಹೆಚ್ಚು ಉಪಯುಕ್ತ.

ನಾಲ್ಕು ಭಾಗಗಳಲ್ಲಿ ಹೆಚ್ಚು ಯೋಚನೆ ಬೇಡುವುದು ಕೊನೆಯದು, ಅಂದರೆ ಪರಿಣಾಮ. ರೋಗಿಗೆ ನಿಜವಾಗಿ ಮುಖ್ಯವಾದ ಪರಿಣಾಮವನ್ನು ಬಿಟ್ಟು, ಅಳೆಯಲು ಸುಲಭವಾದುದನ್ನು ಅಳೆದರೆ ಎಂತಹ ಅನಾಹುತವಾಗಬಹುದು ಎಂಬುದಕ್ಕೆ ಕಾಸ್ಟ್ ಎಂಬ ಪ್ರಯೋಗ ಸಾಕ್ಷಿಯಾಗಿದೆ. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಹೃದಯದ ಲಯ ತಪ್ಪಿದರೆ ಸಾವಿನ ಅಪಾಯ ಹೆಚ್ಚೆಂಬುದು ಮೊದಲೇ ತಿಳಿದಿತ್ತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳು ಆ ಲಯದೋಷವನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಆದ್ದರಿಂದ ಇವು ಜೀವ ಉಳಿಸುತ್ತವೆ ಎಂದು ಬಹಳ ಮಂದಿ ವೈದ್ಯರು ನಂಬಿ ಬಳಸುತ್ತಿದ್ದರು. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಔಷಧ ಪಡೆದ 755 ಮಂದಿಯಲ್ಲಿ 63 ಮಂದಿ ಸತ್ತಿದ್ದರು. ಔಷಧವಿಲ್ಲದ ಹುಸಿ ಮಾತ್ರೆ ಪಡೆದ 743 ಮಂದಿಯಲ್ಲಿ ಸತ್ತವರು 26 ಮಂದಿ. ಇಸಿಜಿಯ ಗೆರೆ ಸುಧಾರಿಸಿತ್ತು, ರೋಗಿಗಳು ಸತ್ತಿದ್ದರು. ಆದ ಕಾರಣ, ಹುಡುಕಾಟ ಆರಂಭಿಸುವ ಮೊದಲೇ ಪರಿಣಾಮಗಳನ್ನು ಮಹತ್ವದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ಕ್ಯಾನುಲಾದ ವಿಷಯದಲ್ಲಿ ರಕ್ತದ ಸೋಂಕು ವಿರಳವಾದರೂ ಜೀವಕ್ಕೆ ಅಪಾಯಕಾರಿ, ಆದ್ದರಿಂದ ಅದು ಮೊದಲ ಸಾಲಿನಲ್ಲಿರಬೇಕು. ಉರಿಯೂತ ಮತ್ತು ನೋವು ಎರಡನೆಯದು. ಖರ್ಚು ಮತ್ತು ಸಿಬ್ಬಂದಿಯ ಸಮಯ ಅದರ ನಂತರದ್ದು.

ಎರಡನೆಯ ಹೆಜ್ಜೆ: ಹುಡುಕಾಟ

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ದತ್ತಸಂಚಯ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಶುಶ್ರೂಷೆ ಮತ್ತು ಇತರ ಆರೋಗ್ಯ ವೃತ್ತಿಗಳ ಲೇಖನಗಳಿಗೆ ಸಿನಾಲ್ ಎಂಬ ದತ್ತಸಂಚಯವಿದೆ. ಅದನ್ನು ಸಾಮಾನ್ಯವಾಗಿ ಕಾಲೇಜಿನ ಅಥವಾ ಆಸ್ಪತ್ರೆಯ ಗ್ರಂಥಾಲಯದ ಚಂದಾ ಮೂಲಕವೇ ನೋಡಬೇಕಾಗುತ್ತದೆ. ಕಾಕ್ರೇನ್ ಲೈಬ್ರರಿಯಲ್ಲಿ ವ್ಯವಸ್ಥಿತ ವಿಮರ್ಶೆಗಳು ಸಿಗುತ್ತವೆ. ಅಂದರೆ, ಒಂದು ಪ್ರಶ್ನೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಮೊದಲೇ ಘೋಷಿಸಿದ ಕ್ರಮದಂತೆ ಹುಡುಕಿ, ಗುಣಮಟ್ಟ ತೂಗಿ, ಸಾಧ್ಯವಾದಾಗ ಅಂಕಿಗಳನ್ನು ಒಟ್ಟುಗೂಡಿಸಿದ ಅಧ್ಯಯನಗಳು. 1993ರಲ್ಲಿ ಆರಂಭವಾದ ಈ ಸಂಸ್ಥೆಗೆ ಬ್ರಿಟಿಷ್ ವೈದ್ಯ ಆರ್ಚಿ ಕಾಕ್ರೇನ್ ಅವರ ಹೆಸರಿಡಲಾಗಿದೆ.

ಹುಡುಕಾಟವನ್ನು ವ್ಯವಸ್ಥಿತ ವಿಮರ್ಶೆಯಿಂದ ಆರಂಭಿಸಿ, ಅದು ಇಲ್ಲದಿದ್ದರೆ ಅಥವಾ ಹಳೆಯದಾಗಿದ್ದರೆ ಒಂಟಿ ಪ್ರಯೋಗಗಳಿಗೆ ಇಳಿಯುವುದು ಸಮಯ ಉಳಿಸುವ ದಾರಿ. ಪೈಕೋದ ಪ್ರತಿ ಭಾಗಕ್ಕೂ ಸಮಾನಾರ್ಥಕ ಪದಗಳನ್ನು ಪಟ್ಟಿ ಮಾಡಿ, ಒಂದೇ ಅರ್ಥದವುಗಳನ್ನು "ಆರ್" ಎಂಬ ಪದದಿಂದಲೂ, ಬೇರೆ ಬೇರೆ ಭಾಗಗಳನ್ನು "ಆ್ಯಂಡ್" ಎಂಬ ಪದದಿಂದಲೂ ಜೋಡಿಸಬೇಕು. ಪಬ್‌ಮೆಡ್‌ನಲ್ಲಿ ಮೆಶ್ ಎಂಬ ವಿಷಯಸೂಚಿ ಪದಗಳಿವೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳು ಒಂದೇ ಸೂಚಿಯ ಕೆಳಗೆ ಬರುವುದರಿಂದ, ಮೆಶ್ ಪದವನ್ನೂ ಸಾಮಾನ್ಯ ಪದವನ್ನೂ ಸೇರಿಸಿ ಹುಡುಕುವುದು ಒಳ್ಳೆಯದು. ಯಾವ ದಿನ, ಎಲ್ಲಿ, ಯಾವ ಪದಗಳಿಂದ ಹುಡುಕಿದಿರಿ, ಎಷ್ಟು ಸಿಕ್ಕಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಮತ್ತೊಬ್ಬರು ಅದೇ ಹುಡುಕಾಟವನ್ನು ಮಾಡಿ ನೋಡುವಂತಿದ್ದರೆ ಮಾತ್ರ ಅದನ್ನು ಹುಡುಕಾಟ ಎನ್ನಬಹುದು.

ಪೂರ್ಣ ಲೇಖನ ಸಿಗದಿದ್ದಾಗ ಸಾರಾಂಶವನ್ನಷ್ಟೇ ಓದಿ ತೀರ್ಮಾನಿಸಬೇಡಿ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಇದೆಯೇ ನೋಡಿ. ಕಡಿಮೆ ಆದಾಯದ ದೇಶಗಳ ಸಂಸ್ಥೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ನಡೆಸುವ ಹಿನಾರಿ ಯೋಜನೆಗೆ ನಿಮ್ಮ ಸಂಸ್ಥೆ ಸೇರಿದೆಯೇ ಕೇಳಿ. ಎರಡೂ ಇಲ್ಲವಾದರೆ ಲೇಖಕರಿಗೇ ಸೌಜನ್ಯದಿಂದ ಒಂದು ಇಮೇಲ್ ಬರೆಯಿರಿ, ಹೆಚ್ಚಿನವರು ಸಂತೋಷದಿಂದ ಕಳಿಸುತ್ತಾರೆ. ಕೃತಕ ಬುದ್ಧಿಮತ್ತೆಯ ಚಾಟ್ ಸಾಧನಗಳಿಂದ ಉಲ್ಲೇಖಗಳ ಪಟ್ಟಿ ಪಡೆಯುವವರು ಪ್ರತಿ ಲೇಖನವೂ ನಿಜವಾಗಿ ಇದೆಯೇ ಎಂದು ಪಬ್‌ಮೆಡ್‌ನಲ್ಲಿ ತೆರೆದು ನೋಡಲೇಬೇಕು, ಏಕೆಂದರೆ ಅವು ಇಲ್ಲದ ಲೇಖನಗಳಿಗೆ ನಂಬುವಂತಹ ಶೀರ್ಷಿಕೆ ಮತ್ತು ಲೇಖಕರ ಹೆಸರನ್ನು ಹೆಣೆದು ಕೊಡುವುದುಂಟು. ಹಾಗೆಯೇ, ಲೇಖನವನ್ನು ನಂತರ ಹಿಂಪಡೆಯಲಾಗಿದೆಯೇ ಎಂಬುದನ್ನೂ ನೋಡಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ, ಕೇವಲ 12 ಮಕ್ಕಳನ್ನು ಆಧರಿಸಿದ ಲೇಖನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದದ್ದು 1998ರಲ್ಲಿ. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ. ನಡುವಿನ 12 ವರ್ಷಗಳಲ್ಲಿ ಎಷ್ಟು ತಾಯಂದಿರು ಭಯಪಟ್ಟು ಮಕ್ಕಳ ಲಸಿಕೆ ತಪ್ಪಿಸಿದರೋ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಮೂರನೆಯ ಹೆಜ್ಜೆ: ಅಧ್ಯಯನದ ವಿನ್ಯಾಸ ಪ್ರಶ್ನೆಗೆ ಹೊಂದುತ್ತದೆಯೇ ಎಂದು ನೋಡುವುದು

ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಯಾದೃಚ್ಛಿಕ ಹಂಚಿಕೆಯ ಪ್ರಯೋಗ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸದೆ ಆಕಸ್ಮಿಕತೆಗೆ ಬಿಡುವ ಪ್ರಯೋಗ, ಏಕೆ ಬೇಕು ಎಂಬುದು ಹಾರ್ಮೋನ್ ಚಿಕಿತ್ಸೆಯ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ. 1976ರಲ್ಲಿ ಆರಂಭವಾದ ನರ್ಸಸ್ ಹೆಲ್ತ್ ಸ್ಟಡಿಯಂತಹ ಅವಲೋಕನ ಅಧ್ಯಯನಗಳಲ್ಲಿ, ಅಂದರೆ ಚಿಕಿತ್ಸೆಯನ್ನು ತಾವು ಹಂಚದೆ ನಡೆದದ್ದನ್ನಷ್ಟೇ ಗಮನಿಸುವ ಅಧ್ಯಯನಗಳಲ್ಲಿ, ಮುಟ್ಟು ನಿಂತ ನಂತರ ಹಾರ್ಮೋನ್ ಸೇವಿಸುತ್ತಿದ್ದ ಮಹಿಳೆಯರಿಗೆ ಹೃದ್ರೋಗ ಕಡಿಮೆ ಎಂದು ಕಂಡುಬಂದಿತ್ತು. ಆದರೆ 16,608 ಮಹಿಳೆಯರನ್ನು ಒಳಗೊಂಡ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದ ಈಸ್ಟ್ರೋಜನ್–ಪ್ರೊಜೆಸ್ಟಿನ್ ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ವರ್ಷಕ್ಕೆ ಪ್ರತಿ 10,000 ಮಹಿಳೆಯರಲ್ಲಿ 7 ಹೃದ್ರೋಗ ಪ್ರಕರಣಗಳು, 8 ಪಾರ್ಶ್ವವಾಯು ಪ್ರಕರಣಗಳು ಮತ್ತು 8 ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾಗಿ ಕಂಡುಬಂದಿದ್ದವು, ಸೊಂಟದ ಮೂಳೆ ಮುರಿತ 5ರಷ್ಟು ಕಡಿಮೆಯಾಗಿತ್ತು. ಹಿಂದಿನ ಅಧ್ಯಯನಗಳು ಬೇರೆಯೇ ಚಿತ್ರ ಕೊಡಲು ಒಂದು ಮುಖ್ಯ ಕಾರಣ, ಹಾರ್ಮೋನ್ ಬಳಸುತ್ತಿದ್ದವರು ಮೊದಲಿನಿಂದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿದ್ದದ್ದು. ಚಿಕಿತ್ಸೆ ಆರಂಭಿಸುವ ವಯಸ್ಸಿನಿಂದಲೂ ವ್ಯತ್ಯಾಸವಾಗುತ್ತದೆಯೇ ಎಂಬ ಚರ್ಚೆ ಆನಂತರವೂ ಮುಂದುವರಿದಿದೆ.

ಹಾಗೆಂದು ಅವಲೋಕನ ಅಧ್ಯಯನಗಳನ್ನು ತಳ್ಳಿಹಾಕುವುದು ಸರಿಯಲ್ಲ. ಎಷ್ಟೋ ಪ್ರಶ್ನೆಗಳಿಗೆ ಯಾದೃಚ್ಛಿಕ ಹಂಚಿಕೆ ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. 2002ರಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ, ಒಬ್ಬ ಶುಶ್ರೂಷಕರ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಒಂದರಷ್ಟು ಹೆಚ್ಚಿದಾಗಲೆಲ್ಲ, ಶಸ್ತ್ರಚಿಕಿತ್ಸೆಗೆ ಒಳಗಾದವರು 30 ದಿನಗಳೊಳಗೆ ಸಾಯುವ ಸಂಭವ 7%ರಷ್ಟು ಹೆಚ್ಚುವುದರೊಂದಿಗೆ ಅದಕ್ಕೆ ಸಂಬಂಧವಿದೆ ಎಂದು ತೋರಿಸಿದರು. ಸಂಬಂಧವಿದೆ ಎಂಬುದೂ ಅದೇ ಕಾರಣ ಎಂಬುದೂ ಒಂದಲ್ಲ ಎಂಬ ಎಚ್ಚರವನ್ನು ಇಟ್ಟುಕೊಂಡೇ, ಶುಶ್ರೂಷಕರ ಸಂಖ್ಯೆ ರೋಗಿಯ ಜೀವದ ಪ್ರಶ್ನೆ ಎಂದು ಆಡಳಿತಗಾರರು ಗಂಭೀರವಾಗಿ ಪರಿಗಣಿಸುವಂತೆ ಮಾಡಿದ ಅಧ್ಯಯನವಿದು. ಇಂತಹ ಲೇಖನವನ್ನು ಓದುವಾಗ ಎರಡು ಗುಂಪುಗಳ ನಡುವೆ ಬೇರೆ ಯಾವ ವ್ಯತ್ಯಾಸಗಳಿದ್ದವು, ಅವನ್ನು ಲೇಖಕರು ಲೆಕ್ಕಕ್ಕೆ ತೆಗೆದುಕೊಂಡರೇ, ಅಳೆಯಲಾಗದೆ ಉಳಿದದ್ದು ಏನಿರಬಹುದು ಎಂದು ಕೇಳಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ವಿಧಾನದ ಭಾಗವನ್ನು ಮೊದಲು ಓದುವುದು

ಲೇಖನ ಕೈಗೆ ಬಂದೊಡನೆ ಎಲ್ಲರೂ ಸಾರಾಂಶ ಓದಿ ತೀರ್ಮಾನಕ್ಕೆ ಹಾರುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು: ಶೀರ್ಷಿಕೆಯ ನಂತರ ನೇರವಾಗಿ ವಿಧಾನದ ಭಾಗಕ್ಕೆ ಹೋಗಿ. ತೀರ್ಮಾನ ಲೇಖಕರ ಮಾತು. ಅವರು ಏನು ಮಾಡಿದರು ಎಂಬುದು ವಿಧಾನದಲ್ಲಿರುತ್ತದೆ.

ಕ್ಯಾನುಲಾದ ಪ್ರಶ್ನೆಗೆ ಸಿಗುವ ಮುಖ್ಯ ಪ್ರಯೋಗವನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂರು ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಂಶೋಧಕಿ ಕ್ಲೇರ್ ರಿಕಾರ್ಡ್ ಮತ್ತು ಸಂಗಡಿಗರು ನಡೆಸಿ, 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಅದರ ವಿಧಾನವನ್ನು ನಾಲ್ಕೈದು ಪ್ರಶ್ನೆಗಳಿಂದ ತೂಗಿ ನೋಡೋಣ.

ಹಂಚಿಕೆ ಹೇಗಾಯಿತು, ಮತ್ತು ಅದು ಮುಂಚಿತವಾಗಿ ಯಾರಿಗೂ ತಿಳಿಯದಂತೆ ಇತ್ತೇ? ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾರೆ ಎಂದು ಸಿಬ್ಬಂದಿಗೆ ಗೊತ್ತಿದ್ದರೆ, ಅರಿವಿಲ್ಲದೆಯೇ ಅವರು ಕೆಲವರನ್ನು ಸೇರಿಸಿಕೊಳ್ಳದೆ ಬಿಡಬಹುದು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದ 1948ರ ಬ್ರಿಟಿಷ್ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮುಚ್ಚಿದ ಲಕೋಟೆಗಳ ವ್ಯವಸ್ಥೆ ಮಾಡಿದ್ದು ಇದೇ ಕಾರಣಕ್ಕೆ. ಕ್ವೀನ್ಸ್‌ಲ್ಯಾಂಡಿನ ಪ್ರಯೋಗದಲ್ಲಿ ಕಂಪ್ಯೂಟರ್ ಹಂಚಿಕೆ ಮಾಡಿತು, ಹಂಚಿಕೆಯಾಗುವವರೆಗೂ ಅದು ಗುಟ್ಟಾಗಿತ್ತು.

ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದು ರೋಗಿಗೆ, ಆರೈಕೆ ಮಾಡುವವರಿಗೆ, ಫಲಿತಾಂಶ ಅಳೆಯುವವರಿಗೆ ತಿಳಿದಿತ್ತೇ? ಇಲ್ಲಿ ತಿಳಿಯದಂತೆ ಮಾಡಲು ಸಾಧ್ಯವೇ ಇರಲಿಲ್ಲ, ಲೇಖಕರು ಅದನ್ನು ಒಪ್ಪಿಕೊಂಡಿದ್ದಾರೆ. ಶುಶ್ರೂಷೆಯ ಬಹುತೇಕ ಪ್ರಯೋಗಗಳ ಪಾಡು ಇದೇ ಆಗಿರುವುದರಿಂದ ಅಷ್ಟಕ್ಕೇ ಲೇಖನವನ್ನು ತಿರಸ್ಕರಿಸಬಾರದು. ಆದರೆ ಉರಿಯೂತವನ್ನು ನಿರ್ಧರಿಸುವುದರಲ್ಲಿ ನೋಡುವವರ ಅಂದಾಜಿನ ಪಾತ್ರವಿರುವ ಕಾರಣ ಈ ಮಿತಿಯನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.

ಸೇರಿಸಿಕೊಂಡವರೆಲ್ಲರನ್ನೂ ವಿಶ್ಲೇಷಣೆಯಲ್ಲಿ ಎಣಿಸಿದರೇ, ಮತ್ತು ಮೊದಲು ಸೇರಿದ ಗುಂಪಿನಲ್ಲೇ ಎಣಿಸಿದರೇ? ಇಲ್ಲಿ 3,283 ರೋಗಿಗಳು ಹಂಚಿಕೆಯಾದರು, 3,283 ಮಂದಿಯೂ ವಿಶ್ಲೇಷಣೆಯಲ್ಲಿದ್ದಾರೆ. ಇದು ಅಪರೂಪದ ಅಚ್ಚುಕಟ್ಟು. ಐದರಲ್ಲಿ ಒಬ್ಬರು ಲೆಕ್ಕದಿಂದ ಕಾಣೆಯಾಗಿರುವ ಪ್ರಯೋಗ ಕಂಡರೆ, ಅವರು ಏಕೆ ಹೋದರು ಎಂಬ ವಿವರ ಸಿಗುವವರೆಗೂ ಫಲಿತಾಂಶವನ್ನು ನಂಬಬೇಡಿ.

ಮುಖ್ಯ ಪರಿಣಾಮವನ್ನು ಮೊದಲೇ ಘೋಷಿಸಿದ್ದರೇ? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2005ರಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗವನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಿರಬೇಕೆಂದು ಕೇಳುತ್ತಿದೆ. ಲೇಖನದಲ್ಲಿರುವ ನೋಂದಣಿ ಸಂಖ್ಯೆಯನ್ನು ಹಿಡಿದು ಆ ದಾಖಲೆಯನ್ನು ತೆರೆದು, ಅಲ್ಲಿ ಹೇಳಿದ ಮುಖ್ಯ ಪರಿಣಾಮವೇ ಲೇಖನದಲ್ಲೂ ಇದೆಯೇ ಎಂದು ಹೋಲಿಸಿ. ಹತ್ತು ನಿಮಿಷದ ಈ ಕೆಲಸವನ್ನು ಮಾಡುವವರು ಕಡಿಮೆ, ಆದರೆ ಇದರಿಂದ ತಿಳಿಯುವುದು ಬಹಳ. ಕ್ವೀನ್ಸ್‌ಲ್ಯಾಂಡಿನ ಪ್ರಯೋಗದ ಮುಖ್ಯ ಪರಿಣಾಮ ರಕ್ತನಾಳದ ಉರಿಯೂತ; ರಕ್ತದ ಸೋಂಕು ಎರಡನೆಯ ದರ್ಜೆಯದು. ನಾವು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಕ್ರಮ ಇದಕ್ಕೆ ತಿರುಗುಮುರುಗಾಗಿತ್ತು ಎಂಬುದನ್ನು ನೆನಪಿಡಿ.

ಐದನೆಯ ಹೆಜ್ಜೆ: ಅಂಕಿಗಳನ್ನು ನಾವೇ ಲೆಕ್ಕ ಹಾಕುವುದು

"ಸಾವು 20%ರಷ್ಟು ಕಡಿಮೆಯಾಯಿತು" ಎಂಬ ವಾಕ್ಯ ಓದಿದಾಗ, ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಎಂದು ಕೇಳಬೇಕು. ಹೃದಯಾಘಾತವಾದವರಿಗೆ ಆಸ್ಪಿರಿನ್ ಕೊಟ್ಟು ನೋಡಿದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. 1988ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರ ಪ್ರಮಾಣ ಆಸ್ಪಿರಿನ್ ಇಲ್ಲದ ಗುಂಪಿನಲ್ಲಿ 11.8%, ಆಸ್ಪಿರಿನ್ ಪಡೆದ ಗುಂಪಿನಲ್ಲಿ 9.4%. ವ್ಯತ್ಯಾಸ 2.4%. ನೂರನ್ನು 2.4ರಿಂದ ಭಾಗಿಸಿದರೆ ಸುಮಾರು 42 ಬರುತ್ತದೆ. ಅಂದರೆ 42 ಮಂದಿಗೆ ಆಸ್ಪಿರಿನ್ ಕೊಟ್ಟರೆ ಐದು ವಾರಗಳಲ್ಲಿ ಒಂದು ಸಾವು ತಪ್ಪುತ್ತದೆ. ರೋಗಿಗೂ ಮನೆಯವರಿಗೂ ವಿವರಿಸುವಾಗ ಅರ್ಥವಾಗುವ ಲೆಕ್ಕ ಇದೇ. ಮೂಲ ಅಪಾಯ ಹತ್ತು ಸಾವಿರಕ್ಕೆ ಒಂದಾಗಿದ್ದರೆ, ಅದೇ 20% ಇಳಿಕೆಗೆ ಹೆಚ್ಚು ಬೆಲೆಯಿರುವುದಿಲ್ಲ.

ಇದೇ ಪ್ರಯೋಗದ ಲೇಖಕರು ಒಂದು ಮುಖ್ಯವಾದ ಎಚ್ಚರಿಕೆಯನ್ನೂ ಕೊಟ್ಟರು. ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿ ನೋಡಿದಾಗ, ಮಿಥುನ ಮತ್ತು ತುಲಾ ರಾಶಿಯವರಲ್ಲಿ ಆಸ್ಪಿರಿನ್ ಉಪಯೋಗವಾಗಲಿಲ್ಲ ಎಂಬಂತೆ ಅಂಕಿಗಳು ಬಂದವು. ರಾಶಿಗೂ ಆಸ್ಪಿರಿನ್‌ಗೂ ಸಂಬಂಧವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ರೋಗಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆಯುತ್ತ ಹೋದರೆ ಆಕಸ್ಮಿಕವಾಗಿಯೇ ಇಂತಹ ಫಲಿತಾಂಶ ಬರುತ್ತದೆ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಒಟ್ಟಾರೆ ಫಲವಿಲ್ಲದಿದ್ದರೂ 65 ದಾಟಿದ ಮಹಿಳೆಯರಲ್ಲಿ ಫಲ ಕಂಡಿತು ಎನ್ನುವಂತಹ ವಾಕ್ಯಗಳನ್ನು ಓದುವಾಗ ಇದನ್ನು ನೆನಪಿಸಿಕೊಳ್ಳಿ.

ಈಗ ಕ್ಯಾನುಲಾಕ್ಕೆ ಬರೋಣ. ಲಕ್ಷಣ ಕಂಡಾಗ ಮಾತ್ರ ಬದಲಿಸಿದ 1,593 ರೋಗಿಗಳಲ್ಲಿ 114 ಮಂದಿಗೆ, ಮೂರು ದಿನಕ್ಕೊಮ್ಮೆ ಬದಲಿಸಿದ 1,690 ರೋಗಿಗಳಲ್ಲಿಯೂ 114 ಮಂದಿಗೆ ಉರಿಯೂತವಾಯಿತು. ಎರಡೂ ಕಡೆ ಸುಮಾರು 7%. ನಿಖರವಾದ ವ್ಯತ್ಯಾಸ 0.41%, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ ಮೈನಸ್ 1.33%ರಿಂದ ಪ್ಲಸ್ 2.15%ವರೆಗೆ. ಈ ಅಂಕಿಗಳೊಂದಿಗೆ ಹೊಂದಿಕೊಳ್ಳುವ ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಈ ವ್ಯಾಪ್ತಿ ತಿಳಿಸುತ್ತದೆ. ಅತಿ ಕೆಟ್ಟ ಸಂದರ್ಭದಲ್ಲಿಯೂ ಉರಿಯೂತ ಹೆಚ್ಚುವುದು ನೂರಕ್ಕೆ ಎರಡರ ಆಸುಪಾಸಿನಲ್ಲಿ; 3%ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಸಮಾನವೆಂದು ಪರಿಗಣಿಸುವುದಾಗಿ ಲೇಖಕರು ಮೊದಲೇ ಘೋಷಿಸಿದ್ದರು. ಹೀಗೆ ಮುಂಚಿತವಾಗಿ ಗಡಿ ಹಾಕಿಕೊಂಡು ಎರಡು ಕ್ರಮಗಳು ಸಮಾನವೆಂದು ತೋರಿಸುವುದು ಒಂದು ಬಗೆ. ಸಣ್ಣ ಪ್ರಯೋಗವೊಂದರಲ್ಲಿ ಪಿ-ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಹೆಚ್ಚು ಬಂದಿತೆಂದು ವ್ಯತ್ಯಾಸವೇ ಇಲ್ಲ ಎಂದುಬಿಡುವುದು ಬೇರೆ ಬಗೆ. ಎರಡನೆಯದು ತಪ್ಪು. ವ್ಯತ್ಯಾಸಕ್ಕೆ ಪುರಾವೆ ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ.

ಆರನೆಯ ಹೆಜ್ಜೆ: ಅಧ್ಯಯನದ ಕಣ್ಣಿಗೆ ಬೀಳದೆ ಉಳಿದದ್ದು ಏನು ಎಂದು ಕೇಳುವುದು

ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದ ಹೆಜ್ಜೆ ಇದು, ಮತ್ತು ತರಗತಿಗಳಲ್ಲಿ ಕಡಿಮೆ ಕಲಿಸುವುದೂ ಇದನ್ನೇ.

ಕ್ವೀನ್ಸ್‌ಲ್ಯಾಂಡಿನ ಪ್ರಯೋಗದಲ್ಲಿ, ಲಕ್ಷಣ ಕಂಡಾಗ ಮಾತ್ರ ಬದಲಿಸಿದ ಗುಂಪಿನಲ್ಲಿ ಕ್ಯಾನುಲಾದಿಂದ ಉಂಟಾದ ರಕ್ತದ ಸೋಂಕು ಒಂದೂ ಇರಲಿಲ್ಲ. ಇನ್ನೊಂದು ಗುಂಪಿನಲ್ಲಿ ಒಂದಿತ್ತು. ಸೊನ್ನೆ ಎಂದರೆ ಅಪಾಯವೇ ಇಲ್ಲವೆಂದು ತೋರಬಹುದು. ಇಲ್ಲಿ ಒಂದು ಸುಲಭ ಸೂತ್ರ ನೆರವಾಗುತ್ತದೆ: ಒಂದು ಘಟನೆಯೂ ಕಾಣದಿದ್ದಾಗ, 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿದರೆ, ನಿಜವಾದ ಅಪಾಯ ಎಲ್ಲಿಯವರೆಗೆ ಇರಬಹುದು ಎಂಬ 95%ರ ಮೇಲ್ಮಿತಿ ಸಿಗುತ್ತದೆ. 3ನ್ನು 1,593ರಿಂದ ಭಾಗಿಸಿದರೆ ಸುಮಾರು 530ಕ್ಕೆ 1. ಅಂದರೆ 530 ರೋಗಿಗಳಲ್ಲಿ ಒಬ್ಬರಿಗೆ ರಕ್ತದ ಸೋಂಕು ಆಗುವಷ್ಟು ಅಪಾಯವಿದ್ದರೂ ಈ ಪ್ರಯೋಗದಲ್ಲಿ ಸೊನ್ನೆ ಬರುವ ಸಾಧ್ಯತೆಯನ್ನು ತಳ್ಳಿಹಾಕಲಾಗುವುದಿಲ್ಲ.

ಕಾಕ್ರೇನ್ 2019ರಲ್ಲಿ ಹೊರತಂದ ವಿಮರ್ಶೆ 9 ಪ್ರಯೋಗಗಳನ್ನು ಒಟ್ಟುಗೂಡಿಸಿಯೂ ರಕ್ತದ ಸೋಂಕಿನಲ್ಲಿ ಸ್ಪಷ್ಟ ವ್ಯತ್ಯಾಸವನ್ನು ಕಾಣಲಿಲ್ಲ. ಆದರೆ 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಿಂದ ಬಂದ ವರದಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ದಾಖಲೆಯಿತ್ತು. 96 ಗಂಟೆಗೊಮ್ಮೆ ತಪ್ಪದೆ ಬದಲಿಸುತ್ತಿದ್ದ ಅವಧಿಯಲ್ಲಿ 2,41,432 ಕ್ಯಾನುಲಾಗಳಿಗೆ 11 ರಕ್ತದ ಸೋಂಕುಗಳು. ಲಕ್ಷಣ ಕಂಡಾಗ ಮಾತ್ರ ಬದಲಿಸುವ ನೀತಿಗೆ ಹೊರಳಿದ ಅವಧಿಯಲ್ಲಿ 1,30,779 ಕ್ಯಾನುಲಾಗಳಿಗೆ 46. ಲಕ್ಷಕ್ಕೆ ಸುಮಾರು 5 ಇದ್ದದ್ದು 35ಕ್ಕೆ ಏರಿತು. ಹಳೆಯ ನೀತಿಗೆ ಮರಳಿದಾಗ ಮತ್ತೆ ಇಳಿಯಿತು. ಇದು ಯಾದೃಚ್ಛಿಕ ಹಂಚಿಕೆಯ ಪ್ರಯೋಗವಲ್ಲ, ಅದೇ ಕಾಲದಲ್ಲಿ ಬೇರೇನಾದರೂ ಬದಲಾಗಿದ್ದಿರಬಹುದು ಎಂಬ ಸಂದೇಹಕ್ಕೆ ಎಡೆಯಿದೆ. ಆದರೂ, ಏರಿದ ನಂತರದ ಪ್ರಮಾಣವೇ ಸುಮಾರು 2,800 ಕ್ಯಾನುಲಾಗಳಿಗೆ ಒಂದು ಎಂಬುದನ್ನು ಗಮನಿಸಿ. ಒಂದು ಕಡೆ ರೋಗಿಗಳ ಲೆಕ್ಕ, ಇನ್ನೊಂದು ಕಡೆ ಕ್ಯಾನುಲಾಗಳ ಲೆಕ್ಕವಾದ್ದರಿಂದ ಹೋಲಿಕೆ ಅಂದಾಜಿನದ್ದೇ. ಆದರೆ ಮೂರು ಸಾವಿರ ರೋಗಿಗಳ ಪ್ರಯೋಗ ಎಷ್ಟೇ ಚೆನ್ನಾಗಿದ್ದರೂ ಇಷ್ಟು ವಿರಳವಾದುದನ್ನು ಅದು ಕಾಣಲು ಸಾಧ್ಯವಿರಲಿಲ್ಲ ಎಂಬುದು ಇದರಿಂದ ನಿಚ್ಚಳವಾಗುತ್ತದೆ. ಹೀಗೆ ನೋಡಿದರೆ ಎರಡು ಅಧ್ಯಯನಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಒಂದು ಉರಿಯೂತದ ಬಗ್ಗೆ ಭರವಸೆ ಕೊಡುತ್ತದೆ, ಇನ್ನೊಂದು ರಕ್ತದ ಸೋಂಕಿನ ಬಗ್ಗೆ ಎಚ್ಚರಿಸುತ್ತದೆ.

ಕಣ್ಣಿಗೆ ಬೀಳದಿರುವುದರಲ್ಲಿ ಇನ್ನೊಂದು ಬಗೆಯಿದೆ: ಪ್ರಕಟವಾಗದ ಅಧ್ಯಯನಗಳು. ಖಿನ್ನತೆಯ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಬಳಿ ದಾಖಲಾಗಿದ್ದ 74 ಪ್ರಯೋಗಗಳನ್ನು ಸಂಶೋಧಕರು 2008ರಲ್ಲಿ ಹುಡುಕಿ ನೋಡಿದಾಗ, ಔಷಧದ ಪರವಾಗಿ ಫಲಿತಾಂಶ ಬಂದಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಪರವಾಗಿಲ್ಲದ 36ರಲ್ಲಿ 22 ಪ್ರಕಟವಾಗಿರಲೇ ಇಲ್ಲ, 11 ಅನುಕೂಲಕರ ಎನಿಸುವ ರೀತಿಯಲ್ಲಿ ಪ್ರಕಟವಾಗಿದ್ದವು. ಯಾವುದೇ ವಿಮರ್ಶೆಯನ್ನು ಓದುವಾಗ ಲೇಖಕರು ನೋಂದಣಿ ದಾಖಲೆಗಳಲ್ಲೂ ಹುಡುಕಿದ್ದಾರೆಯೇ ಎಂದು ನೋಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸಂದರ್ಶನಗಳ ಮೂಲಕ ಅನುಭವವನ್ನು ಅರಿಯುವಂತಹ ಗುಣಾತ್ಮಕ ಅಧ್ಯಯನಗಳನ್ನು ತೂಗುವ ಮಾನದಂಡ ಬೇರೆ. ಯಾರನ್ನು ಮಾತನಾಡಿಸಿದರು, ಯಾರನ್ನು ಬಿಟ್ಟರು, ಸಂದರ್ಶಿಸಿದವರೇ ಆ ರೋಗಿಗಳ ಆರೈಕೆ ಮಾಡುವವರೂ ಆಗಿದ್ದರೇ, ಹೊಸ ವಿಷಯ ಬರುವುದು ನಿಲ್ಲುವವರೆಗೂ ಸಂದರ್ಶನ ಮುಂದುವರಿಸಿದರೇ, ತೀರ್ಮಾನಗಳ ಜೊತೆಗೆ ರೋಗಿಗಳ ಮಾತುಗಳನ್ನೂ ಕೊಟ್ಟಿದ್ದಾರೆಯೇ ಎಂಬುವನ್ನು ಕೇಳಬೇಕು. ಇಂತಹ ಅಧ್ಯಯನಗಳ ವರದಿಗಾಗಿ 2007ರಲ್ಲಿ ಪ್ರಕಟವಾದ ಕೋರೆಕ್ ಪಟ್ಟಿಯಲ್ಲಿ 32 ಅಂಶಗಳಿವೆ. ಓದುಗರಿಗೂ ಅದು ಉಪಯುಕ್ತ.

ಏಳನೆಯ ಹೆಜ್ಜೆ: ವಾರ್ಡಿಗೆ ತರುವುದು

ಲೇಖನದಲ್ಲಿದ್ದ ರೋಗಿಗಳೂ ನಮ್ಮ ರೋಗಿಗಳೂ ಹೋಲುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ವಯಸ್ಕರ ಫಲಿತಾಂಶವನ್ನು ನವಜಾತ ಶಿಶುಗಳಿಗೆ ಅಥವಾ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಹಾಗೆಯೇ ಅನ್ವಯಿಸಲಾಗದು. ಎರಡನೆಯದು, ಆ ಕ್ರಮವನ್ನು ಸುರಕ್ಷಿತವಾಗಿ ನಡೆಸುವ ಶಕ್ತಿ ನಮ್ಮ ವಾರ್ಡಿಗಿದೆಯೇ ಎಂಬುದು. ಲಕ್ಷಣ ಕಂಡಾಗ ಬದಲಿಸುವ ನೀತಿಯ ಭದ್ರತೆಯೆಲ್ಲ ಲಕ್ಷಣವನ್ನು ಸಮಯಕ್ಕೆ ಕಾಣುವುದರಲ್ಲಿದೆ. ಪ್ರತಿ ಪಾಳಿಯಲ್ಲೂ ಯಾರಾದರೊಬ್ಬರು ಚುಚ್ಚಿದ ಜಾಗವನ್ನು ನೋಡಿ, ಮುಟ್ಟಿ, ಉರಿಯೂತದ ತೀವ್ರತೆಯನ್ನು 0ರಿಂದ 5ರವರೆಗೆ ಗುರುತಿಸುವ ವಿಐಪಿ ಅಂಕದಲ್ಲಿ ದಾಖಲಿಸುವುದು ಖಚಿತವಿಲ್ಲದ ಕಡೆ ಆ ನೀತಿಯನ್ನು ತರುವುದನ್ನು ನಾನು ಬೆಂಬಲಿಸುವುದಿಲ್ಲ. ಎರಡೂ ನೀತಿಗಳಲ್ಲಿ ಸಮಾನವಾಗಿ ಸಲ್ಲುವ ಒಂದು ಕ್ರಮವಿದೆ: ಅಗತ್ಯ ಮುಗಿದ ಕ್ಯಾನುಲಾವನ್ನು ಅದೇ ದಿನ ತೆಗೆಯುವುದು. ಇದರ ಜೊತೆಗೆ ರೋಗಿಯ ಇಚ್ಛೆಯನ್ನು ಕೇಳಬೇಕು. ರಕ್ತನಾಳ ಸುಲಭವಾಗಿ ಸಿಗದ ವೃದ್ಧರಿಗೆ ಒಂದು ಚುಚ್ಚುವಿಕೆ ತಪ್ಪುವುದು ಸಣ್ಣ ವಿಷಯವಲ್ಲ.

ನೀತಿ ಬದಲಾದ ಮೇಲೆ ಅಳೆಯುವುದನ್ನು ನಿಲ್ಲಿಸಬಾರದು. ಜಿನೀವಾದಲ್ಲಿ ಏರಿಕೆ ಕಣ್ಣಿಗೆ ಬಿದ್ದದ್ದು, ಸೋಂಕುಗಳನ್ನು ನಿರಂತರವಾಗಿ ಎಣಿಸುವ ವ್ಯವಸ್ಥೆ ಅಲ್ಲಿ ಮೊದಲೇ ಇದ್ದದ್ದರಿಂದ.

ಎಂಟನೆಯ ಹೆಜ್ಜೆ: ಉತ್ತರ ಸಿಗದಿದ್ದರೆ ಸ್ವತಃ ಸಂಶೋಧನೆಗೆ ಇಳಿಯುವುದು

ಪ್ರಶ್ನೆಗೆ ಉತ್ತರವಿಲ್ಲ ಎಂದು ಕ್ರಮಬದ್ಧ ಹುಡುಕಾಟದಿಂದ ಖಚಿತವಾದ ಮೇಲೆ ಮಾತ್ರ ಹೊಸ ಅಧ್ಯಯನ ಆರಂಭಿಸಬೇಕು. ಉತ್ತರ ಈಗಾಗಲೇ ಇರುವ ಪ್ರಶ್ನೆಗೆ ರೋಗಿಗಳನ್ನು ಒಡ್ಡುವುದು ನ್ಯಾಯವಲ್ಲ. ಮೊದಲು ಬರೆಯಬೇಕಾದದ್ದು ಪ್ರೋಟೋಕಾಲ್, ಅಂದರೆ ಅಧ್ಯಯನದ ಪೂರ್ಣ ಯೋಜನೆ. ಎಷ್ಟು ರೋಗಿಗಳು ಬೇಕು ಎಂಬ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞರನ್ನು ಈ ಹಂತದಲ್ಲಿಯೇ ಕಾಣಬೇಕು. ಮಾಹಿತಿಯೆಲ್ಲ ಸಂಗ್ರಹವಾದ ಮೇಲೆ ಹೋದರೆ ಅವರು ಮಾಡಬಹುದಾದದ್ದು ಬಹಳ ಕಡಿಮೆ. ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಬರುವವರೆಗೆ ಒಬ್ಬ ರೋಗಿಯ ಮಾಹಿತಿಯನ್ನೂ ತೆಗೆದುಕೊಳ್ಳಬಾರದು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಪುರುಷರಿಗೆ ಸತ್ಯ ತಿಳಿಸದೆ, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಕೊಡದೆ, ರೋಗ ಬೆಳೆಯುವುದನ್ನು ನೋಡುತ್ತ ಕುಳಿತಿದ್ದರು. ಮನುಷ್ಯರ ಮೇಲಿನ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯನ್ನು ವಿಶ್ವ ವೈದ್ಯಕೀಯ ಸಂಘ ಅಂಗೀಕರಿಸಿದ 1964ರ ನಂತರವೂ ಅದು ಎಂಟು ವರ್ಷ ನಡೆಯಿತು. ಸಮ್ಮತಿ ಪತ್ರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ಒಪ್ಪದಿದ್ದರೂ ಆರೈಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂಬುದನ್ನು ಬಾಯಿಮಾತಿನಲ್ಲಿಯೂ ಹೇಳಿ, ಯೋಚಿಸಲು ಸಮಯ ಕೊಡಬೇಕು ಎಂಬುದು ಕಾಗದದ ಶಿಷ್ಟಾಚಾರವಲ್ಲ.

ವರದಿ ಬರೆಯುವಾಗ ವಿನ್ಯಾಸಕ್ಕೆ ತಕ್ಕ ಮಾರ್ಗಸೂಚಿಯನ್ನು ಎದುರಿಗಿಟ್ಟುಕೊಳ್ಳಿ: ಯಾದೃಚ್ಛಿಕ ಪ್ರಯೋಗಕ್ಕೆ ಕನ್ಸಾರ್ಟ್, ಅವಲೋಕನ ಅಧ್ಯಯನಕ್ಕೆ ಸ್ಟ್ರೋಬ್, ವ್ಯವಸ್ಥಿತ ವಿಮರ್ಶೆಗೆ ಪ್ರಿಸ್ಮಾ, ಎಲ್ಲವೂ ಈಕ್ವೇಟರ್ ನೆಟ್‌ವರ್ಕ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಬರೆದಿಡಿ. ಹಿರಿಯರೆಂಬ ಕಾರಣಕ್ಕೆ ಕೆಲಸ ಮಾಡದವರ ಹೆಸರು ಸೇರಿಸುವುದೂ, ರಾತ್ರಿ ಪಾಳಿಯಲ್ಲಿ ಮಾಹಿತಿ ಸಂಗ್ರಹಿಸಿ, ವಿಶ್ಲೇಷಣೆಯಲ್ಲೂ ಬರವಣಿಗೆಯಲ್ಲೂ ಭಾಗಿಯಾದ ಶುಶ್ರೂಷಕರ ಹೆಸರು ಬಿಡುವುದೂ ಒಂದೇ ಬಗೆಯ ಅಪ್ರಾಮಾಣಿಕತೆ. ನಿರೀಕ್ಷಿಸಿದ ಫಲಿತಾಂಶ ಬರದಿದ್ದರೂ ಪ್ರಕಟಿಸಿ, ಇಲ್ಲವಾದರೆ ಅದೇ ಪ್ರಶ್ನೆಗೆ ಮತ್ತೊಂದು ಆಸ್ಪತ್ರೆಯ ರೋಗಿಗಳು ಮತ್ತೆ ಒಳಗಾಗಬೇಕಾಗುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ, ಭಾಗವಹಿಸಿದ ರೋಗಿಗಳಿಗೂ ಮಾಹಿತಿ ಸಂಗ್ರಹಿಸಿದ ವಾರ್ಡಿನ ಸಿಬ್ಬಂದಿಗೂ ಫಲಿತಾಂಶವನ್ನು ಒಂದು ಪುಟದಲ್ಲಿ, ಸರಳ ಮಾತಿನಲ್ಲಿ ಬರೆದು ತಲುಪಿಸಿ. ಅದೇ ಪ್ರಶ್ನೆಯನ್ನು ಮತ್ತೆ ಹುಡುಕಿ ನೋಡಬೇಕಾದ ದಿನಾಂಕವನ್ನು ಆ ಪುಟದ ಕೆಳಗೆ ನಮೂದಿಸಿ.